ಆಣೆ ಬಿಡಿಸಿಕೊಟ್ಟ ಅಧ್ಯಕ್ಷರು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ನಂಬಿದವರು ಯಾರಾದರೂ ಇದ್ದರೆ ನನ್ನ ಶೆಡ್ಡಿಗೆ ಬನ್ನಿ, ನಿಮ್ಮ ಜೀಪಿಗೆ ಕ್ಲಚ್ ಪ್ಲೇಟು ಬಿಟ್ಟಿ ಹಾಕಿಕೊಡುತ್ತೇನೆ. ಊರಿಗೆ ಊರೇ ಬೇಕು ಅನ್ನುತ್ತಿದ್ದ ಒಬ್ಬ ಹೆಂಗಸು, ಗೆಲುವು ಕೈಯಲ್ಲೇ ಇದ್ದವರು, ಚುನಾವಣೆಯ ಹಿಂದಿನ ದಿನ ನನ್ನದೇ ಜೀಪು ಹತ್ತಿ ಹೊರಟರು. ತಮಗೇ ವೋಟು ಹಾಕುತ್ತೇವೆಂದು ಆಣೆ ಮಾಡಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆ ಆಣೆಯಿಂದ ಬಿಡಿಸಿ ಮನೆಗೆ ಕಳಿಸಿದರು. ಮರುದಿನ ಒಂದೇ ಒಂದು ಕೈಯಿಂದ ಸೋತರು.

ಹೋದ ವಾರ ಅವರ ಶ್ರದ್ಧಾಂಜಲಿ ಸಭೆ ಆಯಿತು. ಅಲ್ಲಿ ನನ್ನ ಕೈಗೂ ಮೈಕ್ ಕೊಟ್ಟರು. ಅಲ್ಲಿ ಹೇಳಿದ್ದು ಸಾಲದು ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು, ಯಾಕೆಂದರೆ ನನ್ನ ಬಗ್ಗೆ ಹೇಳಿಕೊಳ್ಳುವುದು ನನಗೆ ಇಷ್ಟ. ಮೂಡಿಗೆರೆಗೂ ಕಳಸಕ್ಕೂ ನಡುವಿನ ಒಂದು ಊರಿನಲ್ಲಿ ಜೀಪ್ ಮೆಕ್ಯಾನಿಕ್ ನಾನು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಬರುವವರೆಲ್ಲ ದಿನಾ ಬೆಳಿಗ್ಗೆ ಅದೇ ಹೋಟೆಲಿನಲ್ಲಿ ನನ್ನೆದುರು ಕೂತು ಕಾಫಿ ಕುಡಿಯುತ್ತಾರೆ. ಕೀಟಲೆಯಲ್ಲಿ ನನ್ನನ್ನು ಮೀರಿಸಿದವನು ಈ ಘಟ್ಟದಲ್ಲಿ ಹುಟ್ಟಿಲ್ಲ. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಎಸ್ಟೇಟ್ ಮ್ಯಾನೇಜರಿಗೆ, ಗಿಡ ಹೂ ಬಿಡಲು ಬೇಕಾದ ಹೂಮಳೆ ಬರಬೇಕಾದರೆ ಮ್ಯಾನೇಜರೇ ಖುದ್ದು ಕಾಫಿ ಗಿಡದ ಬುಡದಲ್ಲಿ ನಿಂತು ಹಾಡಬೇಕು ಎಂದು ನಂಬಿಸಿದವನು ನಾನು. ಪಾಪ, ಅವರು ಹಾಡಿದರು. ಮಳೆಯೂ ಬಂತು. ಇವತ್ತಿಗೂ ನನಗೆ ಅವರಿಂದ ದೀಪಾವಳಿಗೆ ಸ್ವೀಟ್ ಬಾಕ್ಸ್ ಬರುತ್ತದೆ.

ಆ ಹೆಂಗಸು ನಮ್ಮ ಪಟ್ಟಣ ಪಂಚಾಯಿತಿಯ ಅಧ್ಯಕ್ಷರಾಗಿದ್ದವರು. ಅಧ್ಯಕ್ಷರಾಗುವ ಮೊದಲೂ ಆದಮೇಲೂ ಅವರದು ಬಸ್‌ಸ್ಟ್ಯಾಂಡಿನ ಎದುರು ಒಂದು ಅಂಗಡಿ. ಗಂಬೂಟು, ಕಂಬಳಿ, ಪ್ಲಾಸ್ಟಿಕ್ ಹಾಳೆ, ಹಣ್ಣು ಕುಯ್ಯುವವರು ಸೊಂಟಕ್ಕೆ ಕಟ್ಟುವ ಚೀಲ, ನೆರಳಿನ ಮರದ ಕೊಂಬೆ ಸವರುವ ಮರಗಸಿಯ ಕತ್ತಿ, ಹೀಗೆ ತೋಟದ ಕೆಲಸದವರಿಗೆ ಬೇಕಾದದ್ದೆಲ್ಲ. ಅಂಗಡಿಯೊಳಗೆ ಹನ್ನೆರಡೂ ತಿಂಗಳು ರಬ್ಬರಿನ ವಾಸನೆ. ಒಳಗೆ ಬಂದವರ ಮುಖ ನೋಡುವ ಮೊದಲು ಅವರು ಪಾದ ನೋಡುತ್ತಿದ್ದರು. ಜಿಲ್ಲಾಧಿಕಾರಿ ಬಂದಾಗಲೂ ಕಣ್ಣು ಮೊದಲು ಹೋದದ್ದು ಬೂಟಿನ ಕಡೆಗೇ. ಆಮೇಲೆ ತಲೆ ಎತ್ತಿ ನಮಸ್ಕಾರ ಅಂದರು.

ಅವರ ಮೇಲೂ ಕೀಟಲೆ ಮಾಡಿದ್ದೇನೆ. ಬಾಳೂರಿನ ಕಡೆ ಆನೆ ಇಳಿದು ಊರೆಲ್ಲ ಅದೇ ಮಾತಾಗಿದ್ದಾಗ ಒಂದು ದಿನ ದನಿ ಬದಲಿಸಿ ಅಂಗಡಿಗೆ ಫೋನ್ ಮಾಡಿದೆ.

"ಫಾರೆಸ್ಟ್ ಆಫೀಸಿಂದ ಮಾತಾಡೋದು. ಆನೆಗೆ ಗಂಬೂಟು ಬೇಕಿತ್ತು. ಕಾಲು ಕೆಸರಾಗ್ತದೆ ಅಂತ ಬೇಜಾರು ಮಾಡ್ಕೊಂಡಿದೆ."

ಅವರು ಅಂದರು, "ಎರಡು ಜೊತೆ ಬೇಕಲ್ಲ ಹಾಗಾದ್ರೆ. ಅಡ್ವಾನ್ಸ್ ಕಳ್ಸಿ. ಆನೆಯನ್ನ ಅಂಗಡಿ ಹತ್ರ ತರುದು ಬೇಡ, ಅಳತೆ ಹೆಜ್ಜೆ ನೋಡಿ ತಗೊಳ್ಳಣ. ಮತ್ತೆ ಮಾರಾಯ್ರೆ, ನಿಮ್ಮ ಹಿಂದೆ ಡೀಸೆಲ್ ಜೀಪು ಕೆಮ್ಮುದು ಕೇಳ್ತಾ ಉಂಟು, ಮೊದ್ಲು ಅದ್ಕೆ ಮದ್ದು ಮಾಡಿ."

ಅಂಥವರು. ಮದುವೆಗೆ ಕರೆದರೆ ಬಣ್ಣದ ಕಾಗದ ಸುತ್ತಿದ ಎರಡು ಜೊತೆ ಗಂಬೂಟು ಉಡುಗೊರೆ. ಹುಡುಗನಿಗೊಂದು ಜೊತೆ, ಹುಡುಗಿಗೊಂದು ಜೊತೆ. "ಬೆಳ್ಳಿ ದೀಪ ಕಪಾಟಲ್ಲಿ ಇರ್ತದೆ. ಇದು ಜೂನ್ ತಿಂಗ್ಳಿಂದ ಕೆಲ್ಸಕ್ಕೆ ಬರ್ತದೆ" ಅನ್ನುತ್ತಿದ್ದರು.

ಅವರನ್ನು ಊರು ಯಾಕೆ ಅಷ್ಟು ಹಚ್ಚಿಕೊಂಡಿತು ಅಂದರೆ, ಇದನ್ನೂ ನೀವು ನಂಬುವುದಿಲ್ಲ, ಅವರು ಬಾಯಿ ಬಿಟ್ಟು ಆಗಲ್ಲ ಅನ್ನುತ್ತಿದ್ದರು. ನಮ್ಮ ಕಡೆ ಯಾರೂ ಆಗಲ್ಲ ಅನ್ನುವುದಿಲ್ಲ. ನೋಡಣ ಅನ್ನುತ್ತಾರೆ. ನೋಡಣ ಅಂದರೆ ಏನರ್ಥ ಎಂದು ಕೇಳಿದವನಿಗೂ ಹೇಳಿದವನಿಗೂ ಗೊತ್ತಿರುತ್ತದೆ, ಆದರೂ ಕೇಳಿದವನು ವರ್ಷಗಟ್ಟಲೆ ಓಡಾಡುತ್ತಾನೆ. ಇವರು ಕುರ್ಚಿಯಲ್ಲಿ ಕೂತ ಮೇಲೆ ಊರಿನ ಪಟ್ಟಣ ಪಂಚಾಯಿತಿಯಿಂದ ಆ ಮಾತೇ ಮಾಯವಾಯಿತು. ಹೋಂಸ್ಟೇಯವರೊಬ್ಬರು ತಮ್ಮ ಗೇಟಿನವರೆಗೆ ರಸ್ತೆಗೆ ಡಾಂಬರು ಬೇಕು ಎಂದು ಬಂದಾಗ, "ಆಗಲ್ಲ. ಆ ದುಡ್ಡು ಶಾಲೆ ಹತ್ರದ ಮೋರಿಗೆ ಹೋಗಿದೆ" ಅಂದರು. ಬಂದವರು ಪಂಚಾಯಿತಿಯ ಮೆಟ್ಟಿಲಿಳಿಯುವಾಗ ನನ್ನ ಹತ್ತಿರ ಹೇಳಿದರು, "ಬೈಕೊಳ್ಳುವ ಹಾಗೂ ಇಲ್ಲ ಮಾರಾಯ, ಒಂದೇ ಸಲಕ್ಕೆ ಮುಗೀತು, ಡೀಸೆಲ್ ಉಳೀತು."

ಆಟೋಗಳ ಹಿಂದೆ 'ನಮ್ಮ ಅಧ್ಯಕ್ಷಕ್ಕ' ಎಂದು ಬರೆಸಿಕೊಂಡರು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದರೆ ಅವರ ಸ್ವಂತ ಓಣಿಗೆ ಕಟ್ಟಕಡೆಗೆ. ಅದಕ್ಕೆ ಅವರ ಅಕ್ಕಪಕ್ಕದವರು ಮಾತ್ರ ಅವರನ್ನು ಬೈಯುತ್ತಿದ್ದರು, ಅದೂ ಹೆಮ್ಮೆಯಿಂದ.

ನಾನೂ ಆಗ ಒಬ್ಬ ಸದಸ್ಯ. ನಗಬೇಡಿ, ವಾರ್ಡಿನಲ್ಲಿ ಪಕ್ಷೇತರನಾಗಿ ನಿಂತು ಗೆದ್ದವನು. ಅಧ್ಯಕ್ಷಕ್ಕನ ಬಲಗೈ ನಾನೇ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ. ಅವರು ಬೇರೆಯವರಿಗೆ ಆಗಲ್ಲ ಅಂದಾಗಲೆಲ್ಲ ಹಿಂದೆ ನಿಂತು ಮೀಸೆ ತಿರುವುತ್ತಿದ್ದೆ.

ಒಂದು ದಿನ ಅವರು ನನ್ನ ಶೆಡ್ಡಿಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. ಶೆಡ್ಡಿನ ಹಿಂದಿನ ಗೋಡೆ, ಅದರಾಚೆ ಇಳಿಜಾರು, ಅದರ ಬುಡದ ಕೆಳಗಿನ ಓಣಿ ಎಲ್ಲ ನೋಡಿದರು. ಮಳೆಗಾಲದಲ್ಲಿ ಮೇಲಿನ ರಸ್ತೆಯ ನೀರೆಲ್ಲ ಆ ಓಣಿಯ ಮನೆಗಳಿಗೆ ನುಗ್ಗುತ್ತದೆ. ಅಲ್ಲಿರುವವರು ತೋಟದ ಕೆಲಸದವರು.

"ಮಾರಾಯ್ರೆ, ಚರಂಡಿ ಇಲ್ಲೇ ಹಾದು ಹೋಗ್ಬೇಕು. ಬೇರೆ ದಾರಿ ಇಲ್ಲ, ಇಂಜಿನಿಯರ್ ಹತ್ರ ಎರಡು ಸಲ ಕೇಳ್ದೆ. ಶೆಡ್ ಇರೋದು ಪಂಚಾಯ್ತಿ ಜಾಗದಲ್ಲಿ. ಮಳೆ ಮುಗಿದ ಮೇಲೆ ತೆಗೀಬೇಕು."

"ಒಂದ್ ವರ್ಷ ಬಿಟ್ಟು ನೋಡಣ ಅಕ್ಕ" ಅಂದೆ, ನಗುತ್ತಾ.

"ಆಗಲ್ಲ."

ನಾನು ಇನ್ನೂ ಜೋರಾಗಿ ನಕ್ಕೆ. ಸಂಜೆ ಹೋಟೆಲಿನಲ್ಲಿ ಅದನ್ನೇ ಕತೆ ಮಾಡಿ, ಬಲಗೈಗೂ ಆಗಲ್ಲ ಅಂದ ಗಟ್ಟಿ ಹೆಂಗಸು ಎಂದು ಹೇಳಿ ಎಲ್ಲರನ್ನೂ ನಗಿಸಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಅವರ ಅವಧಿ ಮುಗಿದು ಅಧ್ಯಕ್ಷ ಸ್ಥಾನಕ್ಕೆ ಮತ್ತೆ ಚುನಾವಣೆ ಬಂತು. ಇದರಲ್ಲಿ ಊರವರಿಗೆ ವೋಟಿಲ್ಲ. ನಾವು ಹನ್ನೊಂದು ಜನ ಸದಸ್ಯರು ಸಭಾಂಗಣದಲ್ಲಿ ಕೈ ಎತ್ತಬೇಕು, ಅಷ್ಟೆ. ಅವರನ್ನೂ ಸೇರಿಸಿ ನಮ್ಮ ಕಡೆ ಏಳು ಜನ. ಎದುರಿಗೆ ನಿಂತವರು ಒಬ್ಬ ಮರದ ಕಂಟ್ರಾಕ್ಟರು, ಅವರ ಕಡೆ ಅವರೂ ಸೇರಿ ನಾಲ್ಕು. ಲೆಕ್ಕ ಇಷ್ಟು ಸಲೀಸಾಗಿದ್ದರಿಂದ ಅಧ್ಯಕ್ಷಕ್ಕ ಯಾರ ಮನೆಗೂ ಹೋಗಿ ವೋಟು ಕೇಳಲಿಲ್ಲ. "ಕೆಲ್ಸ ನೋಡಿದ್ದಾರೆ. ಬೇಕಾದ್ರೆ ಎತ್ತುತಾರೆ" ಅಂದರು.

ಹೆದರಿದ್ದು ಅವರ ತಮ್ಮ, ಅಂಗಡಿಯಲ್ಲಿ ಅವರ ಜೊತೆ ಕೂರುವವರು. ಕಂಟ್ರಾಕ್ಟರು ಬಾಳೂರಿನ ಹತ್ತಿರ ಒಂದು ಹೋಂಸ್ಟೇ ಹಿಡಿದು ತಮ್ಮ ಕಡೆಯ ಮೂವರನ್ನು ಕೂರಿಸಿಕೊಂಡಿದ್ದಾರೆ, ಇನ್ನೂ ಮಂಚ ಖಾಲಿ ಇವೆ ಎಂಬ ಸುದ್ದಿ ಬಂದಿತ್ತು.

"ನಮ್ಮವ್ರನ್ನ ಎಲ್ಲಿ ಇಡುದು ಅಣ್ಣ?" ಎಂದು ನನ್ನನ್ನು ಕೇಳಿದರು.

"ಮನುಷ್ಯರನ್ನ ಹೋಂಸ್ಟೇಯಲ್ಲಿ ಇಟ್ರೆ ಬಿಲ್ ಬರ್ತದೆ ಮಾರಾಯ. ದೇವ್ರ ಹತ್ರ ಇಟ್ರೆ ಬಿಲ್ ಇಲ್ಲ" ಅಂದೆ ನಾನು, ಸುಮ್ಮನೆ ಬಾಯಿಗೆ ಬಂದದ್ದು. ಅವರು ಅದನ್ನೇ ಹಿಡಿದುಕೊಂಡು, ಹಾಗಾದರೆ ಎಲ್ಲರಿಂದ ಆಣೆ ಮಾಡಿಸುವ ಅಂದರು. ನಮ್ಮ ಕಡೆ ಆಣೆ ಅಂದರೆ ಆಟವಲ್ಲ. ತೋಟದ ಗಡಿ ವ್ಯಾಜ್ಯದಲ್ಲಿ ಕೋರ್ಟಿನಲ್ಲಿ ಬೇಕಾದ್ದು ಹೇಳುವವರು ಆಣೆ ಅಂದ ಕೂಡಲೇ ಬೇಲಿ ಹಿಂದಕ್ಕೆ ಹಾಕುತ್ತಾರೆ.

ಅಕ್ಕನಿಗೆ ಗೊತ್ತಿಲ್ಲದಂತೆ ಉಳಿದ ಐದು ಜನರನ್ನೂ ನನ್ನ ಜೀಪಿನಲ್ಲಿ ತುಂಬಿಕೊಂಡು ನಾನೂ ತಮ್ಮನೂ ಹೊರಟೆವು. ಯಾರು ಯಾವುದಕ್ಕೆ ಹೆದರುತ್ತಾರೋ ಅವರಿಗೆ ಅಲ್ಲೇ ಆಣೆ. ಹೊರನಾಡಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೇವಸ್ಥಾನ, ಅಲ್ಲಿ ಮೂವರದ್ದಾಯಿತು. ಕಾಳುಮೆಣಸಿನ ವ್ಯಾಪಾರಿ ಸಾಬರದ್ದು ರಸ್ತೆ ಬದಿಯ ದರ್ಗಾದಲ್ಲಿ. ಕೆಳಗಿನ ಓಣಿಯಿಂದ ಗೆದ್ದಿದ್ದ ಒಬ್ಬ ಹೆಂಗಸು ತೋಟದಲ್ಲಿ ಕೆಲಸ ಮಾಡುವವರು, ನಾವೆಲ್ಲ ಅವರನ್ನು ದೊಡ್ಡವ್ವ ಅನ್ನುತ್ತಿದ್ದೆವು. ಅವರದ್ದು ಎಸ್ಟೇಟಿನ ಗಡಿಯಲ್ಲಿ ಮರದ ಬುಡದಲ್ಲಿರುವ ಭೂತದ ಕಲ್ಲಿನೆದುರು. ದಾರಿಯುದ್ದಕ್ಕೂ ಹಾಡು, ಚಕ್ಕುಲಿ, ಕಳಸದಲ್ಲಿ ಊಟ. ನಾನು ಈ ಪ್ರವಾಸಕ್ಕೆ ಆಣೆ ಟೂರು ಎಂದು ಹೆಸರಿಟ್ಟೆ. ದೊಡ್ಡವ್ವ ಮಾತ್ರ ಹಾಡಲಿಲ್ಲ. ಕಲ್ಲಿನೆದುರು ಕೈ ಮುಗಿದು ಹೇಳಬೇಕಾದ್ದು ಹೇಳಿ ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಹೊರಗೆ ನೋಡುತ್ತಾ ಕೂತರು.

ಕೊನೆಗೆ ಉಳಿದವನು ನಾನು. "ನಿಂದು ಎಲ್ಲಿ?" ಎಂದು ಸಾಬರು ಕೇಳಿದರು.

"ನಾನು ಯಾವ ದೇವ್ರಿಗೂ ಹೆದರಲ್ಲ" ಅಂದೆ.

"ಹಾಗಾದ್ರೆ ಅಕ್ಕನ ತಲೆ ಮೇಲೆ ಹೇಳು" ಅಂದರು ಅವರ ತಮ್ಮ. ಅಕ್ಕ ಅಲ್ಲಿರಲಿಲ್ಲ. ಜೀಪಿನ ಬಾನೆಟ್ ಮೇಲೆ ಕೈಯಿಟ್ಟು ಅದನ್ನೇ ಅಕ್ಕನ ತಲೆ ಎಂದುಕೊಂಡು ಹೇಳಿದೆ. ಬಾನೆಟ್ ಬಿಸಿಯಿತ್ತು, ಕೈ ಹಿಂದೆ ಎಳೆದುಕೊಂಡೆ, ಎಲ್ಲರೂ ನಕ್ಕರು.

ಮಾರನೆಯ ದಿನ ದೊಡ್ಡವ್ವ ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತರು. ನಾನು ಒಳಗಿದ್ದೆ. ಮೇಲೆ ಬನ್ನಿ ಎಂದು ಅಧ್ಯಕ್ಷಕ್ಕ ಎರಡು ಸಲ ಕರೆದರು. ಬರಲಿಲ್ಲ.

"ನಂಗೆ ಆಣೆ ಹಾಕ್ಸ್‌ಬೇಕಿತ್ತಾ ಅಕ್ಕಾ? ಒಂದ್ ಮಾತ್ ಕೇಳಿದ್ರೆ ಸಾಕಿತ್ತಲ್ಲ. ನನ್ನ ಕೈ ನಿಮ್ಗಲ್ದೆ ಇನ್ಯಾರಿಗೆ ಏಳ್ತಿತ್ತು?"

ಅಧ್ಯಕ್ಷಕ್ಕನಿಗೆ ಏನೂ ತಿಳಿಯಲಿಲ್ಲ. ತಮ್ಮನ ಕಡೆ ನೋಡಿದರು. ತಮ್ಮ ನನ್ನ ಕಡೆ ನೋಡಿದರು. ನಾನು ಟೂರಿನ ಕತೆಯನ್ನು ಸ್ವಾರಸ್ಯವಾಗಿ ಹೇಳತೊಡಗಿದೆ. ಬಾನೆಟ್ಟಿನ ತಮಾಷೆಯವರೆಗೆ ಬರುವಷ್ಟರಲ್ಲಿ ಅಂಗಡಿಯೊಳಗೆ ಕೇಳುತ್ತಿದ್ದದ್ದು ನನ್ನ ದನಿ ಒಂದೇ ಎಂದು ನನಗೇ ಗೊತ್ತಾಗಿ ನಿಲ್ಲಿಸಿದೆ.

ಅವರು ನಮಗೆ ಬೆನ್ನು ಮಾಡಿ ಗಂಬೂಟುಗಳನ್ನು ಜೋಡಿಸುತ್ತಾ ನಿಂತರು. ಜೋಡಿಸಿಯೇ ಇದ್ದವು ಅವು. ಅವರ ಕಿವಿ ಕೆಂಪಗಾಗಿದ್ದದ್ದು ಹಿಂದಿನಿಂದ ಕಾಣುತ್ತಿತ್ತು. ಆಮೇಲೆ ಮೆಟ್ಟಿಲಿಳಿದು ದೊಡ್ಡವ್ವನ ಎದುರು ನಿಂತು, "ನಂಗೆ ಗೊತ್ತಿರ್ಲಿಲ್ಲ. ಆದ್ರೂ ನನ್ನ ಹೆಸ್ರಲ್ಲೇ ಆದದ್ದು" ಅಂದರು. ನನಗೆ ಅಂದದ್ದು ಇಷ್ಟು, "ನಾಳೆ ಬೆಳಿಗ್ಗೆ ಜೀಪು ತನ್ನಿ. ಎಲ್ರನ್ನೂ ಕರ್ಕೊಂಡು ಬನ್ನಿ."

"ಅಕ್ಕ, ನಾಡಿದ್ದು ಚುನಾವಣೆ" ಎಂದರು ತಮ್ಮ.

"ಅದಕ್ಕೇ ನಾಳೆ."

ಎರಡನೆಯ ಟೂರಿನಲ್ಲಿ ಯಾರೂ ಹಾಡಲಿಲ್ಲ. ಜಡಿಮಳೆ. ದೇವಸ್ಥಾನದ ಭಟ್ಟರ ಎದುರು ಅವರು ಕೈ ಮುಗಿದು ಹೇಳಿದರು, "ನನ್ನ ಹೆಸ್ರಲ್ಲಿ ಇವರಿಗೆ ಇಲ್ಲಿ ಆಣೆ ಹಾಕ್ಸಿದ್ದಾರೆ. ಬಿಡಿಸಿ ಕೊಡಿ." ಭಟ್ಟರು ಒಬ್ಬೊಬ್ಬರ ಮುಖ ನೋಡಿ, ತಪ್ಪುಕಾಣಿಕೆ ಹಾಕಿಸಿ, ಪ್ರಸಾದ ಕೊಟ್ಟರು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ವಿಷಯ ತಿಳಿದು ಬೇಜಾರಾಯಿತು. "ಇದು ದುವಾ ಮಾಡೋ ಜಾಗ ಅಕ್ಕ. ಇಲ್ಲಿ ಬಂದು ಯಾಕೆ ಜನರನ್ನ ಕಟ್ಟಿ ಹಾಕ್ತೀರಿ?" ಅಂದರು. "ತಪ್ಪಾಯ್ತು" ಎಂದು ಅಧ್ಯಕ್ಷಕ್ಕ ತಲೆ ತಗ್ಗಿಸಿದರು. ಮಾಡದ ತಪ್ಪಿಗೆ ಪ್ರತಿ ಜಾಗದಲ್ಲೂ ಅವರೇ ತಪ್ಪಾಯ್ತು ಅಂದರು, ಮಾಡಿದ ನಾವು ಹಿಂದೆ ಸಾಲಾಗಿ ನಿಂತಿದ್ದೆವು. ಭೂತದ ಕಲ್ಲಿನ ಹತ್ತಿರ ದೊಡ್ಡವ್ವ ಕಾಯಿ ಒಡೆದರು. ಒಡೆದ ಮೇಲೆ ಅಧ್ಯಕ್ಷಕ್ಕನ ಹೆಗಲಿಗೆ ತಮ್ಮ ಪ್ಲಾಸ್ಟಿಕ್ ಹಾಳೆಯ ಒಂದು ತುದಿ ಹೊದೆಸಿದರು. ಇಬ್ಬರೂ ಒಂದೇ ಹಾಳೆಯಡಿ ಜೀಪಿನವರೆಗೆ ನಡೆದು ಬಂದರು.

ಎಲ್ಲರೂ ಒಳಗೆ ಕೂತ ಮೇಲೆ ಅವರು ಮುಂದಿನ ಸೀಟಿನಿಂದ ನನ್ನ ಕಡೆ ತಿರುಗಿದರು.

"ನಿಮ್ದು ಎಲ್ಲಿ ಮಾರಾಯ್ರೆ?"

"ನಂದು ನಿಮ್ಮ ತಲೆ ಮೇಲೆ ಅಕ್ಕ" ಅಂದೆ. ನಗಿಸಬೇಕು ಎಂದೇ ಅಂದೆ. ಯಾರೂ ನಗಲಿಲ್ಲ.

ಅವರು ಒದ್ದೆ ಸೆರಗು ಹಿಂದೆ ಸರಿಸಿ ತಲೆ ಬಗ್ಗಿಸಿದರು. "ಇಡಿ."

ಗ್ರೀಸ್ ಹತ್ತಿದ ಕೈ. ಪ್ಯಾಂಟಿಗೆ ಒರೆಸಿಕೊಂಡು ಇಟ್ಟೆ. ನೆತ್ತಿ ಬೆಚ್ಚಗಿತ್ತು, ಕೂದಲು ತೀರ ತೆಳುವಾಗಿತ್ತು. ಅವರಿಗೂ ವಯಸ್ಸಾಗಿದೆ ಎಂದು ನನಗೆ ಮೊದಲ ಸಲ ಹೊಳೆಯಿತು. ಅವರು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಕೈಯನ್ನು ಎತ್ತಿ ತಂದು ನನ್ನ ಮೊಣಕಾಲ ಮೇಲಿಟ್ಟರು.

"ಆಯ್ತು. ಇನ್ನು ನಿಮ್ಮ ಕೈ ನಿಮ್ದು."

ಆಮೇಲೆ ಎಲ್ಲರಿಗೂ ಕೇಳುವಂತೆ, "ನಾಳೆ ಬೇಕು ಅನ್ನಿಸಿದ್ರೆ ಎತ್ತಿ. ಬೇಡ ಅನ್ನಿಸಿದ್ರೆ ಬಿಡಿ. ಆಣೆ ಹಾಕ್ಸಿ ಎತ್ಸಿದ ಕೈ ಇಟ್ಕೊಂಡು ನಾನು ಆ ಕುರ್ಚಿ ಮೇಲೆ ಹೇಗೆ ಕೂರ್ಲಿ" ಅಂದರು.

ಊರು ತಲುಪುವಷ್ಟರಲ್ಲಿ ಒಬ್ಬರು, ದೇವಸ್ಥಾನದಲ್ಲಿ ಆಣೆ ಮಾಡಿದ್ದ ಮೂವರಲ್ಲಿ ಚಿಕ್ಕವರು, ನಾನು ಇಲ್ಲೇ ಇಳೀತೇನೆ ಎಂದು ಕಂಟ್ರಾಕ್ಟರ ಮನೆಯ ತಿರುವಿನಲ್ಲೇ ಇಳಿದರು. ಅಧ್ಯಕ್ಷಕ್ಕ ಅವರಿಗೆ ಜೀಪಿನೊಳಗಿನ ಕೊಡೆ ಕೊಟ್ಟು ಕಳಿಸಿದರು. ಅಲ್ಲಿಗೆ ಲೆಕ್ಕ ಆರು, ಐದು. ಇನ್ನೂ ಗೆಲುವೇ.

ಅದೇ ಸಂಜೆ ಕಂಟ್ರಾಕ್ಟರು ತಮ್ಮ ಗಾಡಿಗೆ ಗಾಳಿ ಹಾಕಿಸುವ ನೆಪದಲ್ಲಿ ನನ್ನ ಶೆಡ್ಡಿಗೆ ಬಂದರು. ಗೋಡೆ ನೋಡಿ, "ಎಷ್ಟ್ ವರ್ಷದ ಶೆಡ್ಡು, ಪಾಪ. ಚರಂಡಿಗೆ ಬೇರೆ ದಾರಿ ನೋಡಣ ಬಿಡಿ" ಅಂದರು. ಅವರ ಗಾಡಿಯ ನಾಲ್ಕೂ ಚಕ್ರಕ್ಕೆ ಗಾಳಿ ಸರಿಯಾಗಿಯೇ ಇದೆ, ಗಾಳಿ ಬೇಕಿರುವುದು ಬೇರೆ ಕಡೆಗೆ ಎಂದು ಜೋಕ್ ಹೊಡೆದು ಕಳಿಸಿದೆ.

ಸಭಾಂಗಣದ ಕಿಟಕಿಗಳ ಹೊರಗೆ ಕೊಡೆಗಳೇ ಕೊಡೆಗಳು. ಅರ್ಧ ಊರು ಅಲ್ಲೇ ನಿಂತಿತ್ತು, ಆಟೋದವರು ಹಾರ ಹಿಡಿದುಕೊಂಡಿದ್ದರು. ಚುನಾವಣಾಧಿಕಾರಿ ಮೊದಲು ಕಂಟ್ರಾಕ್ಟರ ಹೆಸರು ಓದಿ, ಪರವಾಗಿ ಇರುವವರು ಕೈ ಎತ್ತಿ ಅಂದರು. ಐದು ಕೈ ಎದ್ದವು. ಆಗ ನಾನೂ ಎತ್ತಿದೆ.

ತಮಾಷೆಗೆ. ಕಿಟಕಿಯಾಚೆ ನಿಂತಿದ್ದ ಅವರ ತಮ್ಮನ ಮುಖ ಒಂದು ಕ್ಷಣ ಹೇಗಾಗುತ್ತದೆ ಎಂದು ನೋಡಿ, ತಲೆ ತುರಿಸಿಕೊಂಡ ಹಾಗೆ ಮಾಡಿ ಇಳಿಸಿಬಿಡುವ ಅಂದಾಜು. ನನ್ನ ಇಡೀ ಜೀವಮಾನದ ಕೀಟಲೆಗಳಿಗೆಲ್ಲ ಕಳಶ ಇಟ್ಟ ಹಾಗೆ ಆಗುತ್ತಿತ್ತು. ಆದರೆ ಅಧಿಕಾರಿ ಹೊಸಬರು, ನನ್ನ ಕೀರ್ತಿ ಕೇಳಿದವರಲ್ಲ. ಆರು ಎಂದು ಬರೆದುಕೊಂಡುಬಿಟ್ಟರು.

"ಸಾರ್, ನಂದು ತಮಾಷೆಗೆ" ಅಂದೆ.

"ಇದು ತಮಾಷೆ ಮಾಡೋ ಜಾಗವೇನ್ರಿ? ಎತ್ತಿದ ಕೈ ಎತ್ತಿದ್ದೇ" ಅಂದರು.

ಆಮೇಲೆ ಅಧ್ಯಕ್ಷಕ್ಕನ ಹೆಸರು ಓದಿದರು. ಸೋತಾಗಿದೆ ಎಂದು ಗೊತ್ತಿದ್ದೂ ಅವರು ತಮ್ಮ ಕೈಯನ್ನು ನೆಟ್ಟಗೆ ಎತ್ತಿ, ಎಣಿಸಿ ಮುಗಿಯುವವರೆಗೂ ಹಿಡಿದಿದ್ದರು.

ಮೆಟ್ಟಿಲ ಮೇಲೆ ನಾನು ಹಿಂದೆ ಓಡಿದೆ. "ಅಕ್ಕ, ತಮಾಷೆ ಮಾಡಕ್ಕೆ ಹೋಗಿ ಹೀಗಾಯ್ತು."

ಅವರು ನಿಂತರು. "ಬಿಡಿ ಮಾರಾಯ್ರೆ. ನಿಮ್ಮ ಕೈ ನಿಮ್ದು ಅಂತ ನಾನೇ ಹೇಳಿದ್ದಲ್ವಾ" ಅಂದರು. ಆಟೋದವರ ಹಾರ ತೆಗೆದುಕೊಂಡು ತಾವೇ ಒಳಗೆ ಹೋಗಿ ಕಂಟ್ರಾಕ್ಟರಿಗೆ ಹಾಕಿ ಬಂದರು.

ಹಿಂದೆಯೇ ಬಂದ ದೊಡ್ಡವ್ವ ನನ್ನ ಎದುರು ನಿಂತು, "ತಮಾಷೆಯಂತೆ. ನೀರು ನುಗ್ಗುದು ನಿನ್ನ ಮನೆಗೆ ಅಲ್ವಲ್ಲ" ಅಂದರು. ಅವರು ನನಗೆ ನೀನು ಅಂದದ್ದು ಅದೇ ಮೊದಲು.

ಊರು ಮೊದಲು ನನ್ನನ್ನು ಬೈಯಿತು, ಹೋಟೆಲಿನಲ್ಲಿ ಒಬ್ಬರು ಕೊರಳಪಟ್ಟಿ ಹಿಡಿದರು. ಆದರೆ ನನ್ನ ಹೆಸರು ಇದ್ದದ್ದೇ ಅಂಥದ್ದು. ಇವನಿಗೆ ಯಾವಾಗ ಏನು ಮಾಡಬೇಕೆಂದು ತಿಳಿಯಲ್ಲ, ಹುಟ್ಟಾ ಹುಚ್ಚ ಅಂದರು. ಬರಬರುತ್ತಾ ಅದೊಂದು ಕತೆಯಾಯಿತು. ಮದುವೆ ಮನೆಗಳಲ್ಲಿ ಕೇಳಿ ಕೇಳಿ ಹೇಳಿಸಿದರು. ಹೇಳಿದೆ. ಕೈ ಎತ್ತುವ ಜಾಗದಲ್ಲಿ ಎದ್ದು ನಿಂತು ಅಭಿನಯವನ್ನೂ ಮಾಡಿ ತೋರಿಸಿದೆ.

ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅಂಗಡಿ ನಡೆಸಿಕೊಂಡಿದ್ದರು. ನಾನು ಹೋದರೆ ಮೊದಲಿನ ಹಾಗೇ ಸ್ಟೂಲು ಎಳೆದು ಕೊಟ್ಟು ಚಾ ತರಿಸುತ್ತಿದ್ದರು. ಆ ದಿನದ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ನನಗೆ ಅಲ್ಲಿ ಕೂರುವುದು ಸುಲಭವಾಗುತ್ತಿತ್ತು. ಬೈಯಲಿಲ್ಲ. ನಾನು ಹೋಗುವುದನ್ನು ಕಡಿಮೆ ಮಾಡಿದೆ. ಗಂಬೂಟನ್ನು ಚಿಕ್ಕಮಗಳೂರಿಂದ ತರಿಸತೊಡಗಿದೆ.

ಚರಂಡಿ ಆಗಲಿಲ್ಲ. ಕೆಳಗಿನ ಓಣಿಯವರು ಈಗಲೂ ಜೋರು ಮಳೆಗೆ ಅಕ್ಕಿ ಡಬ್ಬವನ್ನು ಅಟ್ಟಕ್ಕೆ ಏರಿಸುತ್ತಾರೆ. ನನ್ನ ಶೆಡ್ಡು ಇದ್ದಲ್ಲೇ ಇದೆ.

ಶ್ರದ್ಧಾಂಜಲಿ ಸಭೆಯಲ್ಲಿ ಹಿರಿಯರೆಲ್ಲ ಮಾತಾಡಿ ಎಲ್ಲರ ಕಣ್ಣೂ ಒದ್ದೆಯಾಗಿತ್ತು. ನಿರೂಪಣೆ ಮಾಡುತ್ತಿದ್ದವರು ಮೈಕ್ ಕೊಟ್ಟು, "ಆ ಕೈ ಎತ್ತಿದ ಕತೆ ಹೇಳಿ ಅಣ್ಣ, ಅಕ್ಕನಿಗೂ ನಗು ಇಷ್ಟ" ಅಂದರು. ಹೇಳಿದೆ. ಅಭಿನಯ ಸಹಿತ. ಫೋಟೋದ ಎದುರಿನಲ್ಲೇ. ಜನ ಕಣ್ಣೊರೆಸಿಕೊಂಡು ನಕ್ಕರು, ಅವರ ತಮ್ಮನೂ ನಕ್ಕರು. ದೊಡ್ಡವ್ವ ಎದ್ದು ಹೋದರು.

ಆದ್ದರಿಂದ ಇದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಮೇಲೆ ಹೇಳಿದ್ದೆಲ್ಲ ನಿಜ, ಒಂದನ್ನು ಬಿಟ್ಟು. ತಮಾಷೆಗೆ ಅಂದೆನಲ್ಲ, ಅದು ನಾನು ಕಟ್ಟಿದ್ದು. ಮೆಟ್ಟಿಲಿಳಿಯುವಾಗಲ್ಲ, ಹೋಟೆಲಿನಲ್ಲಲ್ಲ, ಅಧಿಕಾರಿ ಆರು ಎಂದು ಬರೆದುಕೊಂಡು ಪೆನ್ನು ಎತ್ತಿದ ಮೇಲೆ, ಅಕ್ಕ ನನ್ನ ಕಡೆ ತಿರುಗಿ ನೋಡಿದಾಗ ಕಟ್ಟಿದ್ದು. ಅದಕ್ಕೆ ಮೊದಲು ನನ್ನ ತಲೆಯಲ್ಲಿ ಯಾವ ತಮಾಷೆಯೂ ಇರಲಿಲ್ಲ. ಎತ್ತಬೇಕೆಂದೇ ಎತ್ತಿದೆ.